ಟವೆಲ್ ಬಿದ್ದಾಗ ಚಪ್ಪಾಳೆ ಯಾಕಿಲ್ಲ?

ಬಾಕ್ಸಿಂಗ್ ಇಷ್ಟ, ಎಂಎಂಎ (ಮಿಶ್ರ ಸಮರ ಕಲೆ) ತಪ್ಪದೆ ನೋಡುತ್ತೇನೆ ಎಂದು ನಾಲ್ಕು ಜನರ ನಡುವೆ ಹೇಳಿಕೊಳ್ಳುವವರಿಗೆ ಒಂದು ಪ್ರಶ್ನೆ ಗ್ಯಾರಂಟಿ: ಒಬ್ಬರ ಮುಖಕ್ಕೆ ಇನ್ನೊಬ್ಬರು ಗುದ್ದುವುದನ್ನು ದುಡ್ಡು ಕೊಟ್ಟು ನೋಡುವುದರಲ್ಲಿ ಅದೆಂಥ ಸುಖ? ಕ್ರಿಕೆಟ್ ಹುಚ್ಚಿಗೆ ಸಿಗುವ ಮಾಫಿ ಈ ಹುಚ್ಚಿಗಿಲ್ಲ. ಅಭಿಮಾನಿಗಳ ಬಳಿ ಉತ್ತರವೂ ರೆಡಿ ಇರುತ್ತದೆ. ಇದು ಬೀದಿ ಜಗಳವಲ್ಲ, ವಿದ್ಯೆ; ವರ್ಷಗಟ್ಟಲೆ ಬೆವರು ಸುರಿಸಿ ಕಲಿಯುವಂಥದ್ದು; ಮೈಬಲಕ್ಕಿಂತ ಕಾಲಿನ ಚಲನೆ, ಕಣ್ಣಿನ ಚುರುಕು, ತಲೆಯ ಲೆಕ್ಕಾಚಾರ ಇಲ್ಲಿ ಮುಖ್ಯ. ಉತ್ತರ ನಿಜವೇ. ಆದರೆ ಹೀಗೆ ಹೇಳುವವರೆಲ್ಲ ಪಂದ್ಯ ನೋಡುವಾಗ ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತಾರೆಯೇ? ಈ ಕ್ರೀಡೆಗಳನ್ನು ಮೆಚ್ಚುವವರು ನಾಚಿಕೆಪಡಬೇಕಾಗಿಲ್ಲ ಎನ್ನುವವರಲ್ಲಿ ನಾನೂ ಒಬ್ಬ. ಅದಕ್ಕೊಂದು ಷರತ್ತಿದೆ, ಅಷ್ಟೆ. ರೆಫರಿ ನಡುವೆ ಬಂದು ಪಂದ್ಯ ನಿಲ್ಲಿಸಿದಾಗ, ಕೋಚ್ ಸೋಲೊಪ್ಪಿ ಟವೆಲ್ ಎಸೆದಾಗ ಪ್ರೇಕ್ಷಕ ಏನು ಮಾಡುತ್ತಾನೆ ಎಂಬುದರಲ್ಲಿ ಅವನು ಮೆಚ್ಚಿದ್ದು ವಿದ್ಯೆಯನ್ನೋ ಪೆಟ್ಟನ್ನೋ ಎಂಬುದು ಬಯಲಾಗುತ್ತದೆ.

2015ರ ಮೇ 2ರಂದು ಲಾಸ್ ವೇಗಸ್‌ನಲ್ಲಿ ಫ್ಲಾಯ್ಡ್ ಮೇವೆದರ್ ಮತ್ತು ಮ್ಯಾನಿ ಪ್ಯಾಕ್ವಿಯಾವೊ ಎದುರುಬದುರಾದರು. ಬಾಕ್ಸಿಂಗ್ ಇತಿಹಾಸದಲ್ಲಿ ಅತಿ ಹೆಚ್ಚು ಹಣ ಹರಿದ ಪಂದ್ಯಗಳಲ್ಲಿ ಅದೊಂದು. ಅಮೆರಿಕದಲ್ಲಿ 46 ಲಕ್ಷದಷ್ಟು ಮಂದಿ ದುಡ್ಡು ಕಟ್ಟಿ ಟೀವಿಯಲ್ಲಿ ನೋಡಿದರು. ಪ್ಯಾಕ್ವಿಯಾವೊ 400ಕ್ಕೂ ಹೆಚ್ಚು ಗುದ್ದು ಎಸೆದರು, ತಗುಲಿದ್ದು 81 ಮಾತ್ರ. ಮೇವೆದರ್ ಅವರದು ಎದೆಯ ಮುಂದೆ ಅಡ್ಡ ಮಡಿಸಿದ ಎಡಗೈ, ಗಲ್ಲದ ಮೇಲೆ ಎತ್ತಿ ಹಿಡಿದ ಎಡಭುಜ, ಗುದ್ದು ಬಂದ ಕ್ಷಣಕ್ಕೆ ಸೊಂಟದಿಂದ ಚೂರೇ ತಿರುಗುವ ಮೈ. ಪೆಟ್ಟು ಭುಜದ ಮೇಲೆ ಜಾರಿ ಹೋಗುತ್ತದೆ. ಅದು ಜಾರುವಷ್ಟರಲ್ಲಿ ಬಲಗೈ ಎದುರಾಳಿಯ ಮುಖ ತಲುಪಿರುತ್ತದೆ. ವೇಗಕ್ಕೆ ಹೆಸರಾದ ಚಾಂಪಿಯನ್ ಒಬ್ಬನನ್ನು 12 ಸುತ್ತುಗಳ ಉದ್ದಕ್ಕೂ ಹೀಗೆ ಗಾಳಿಗೆ ಗುದ್ದಿಸುವುದು ಸಾಮಾನ್ಯ ಸಾಧನೆಯಲ್ಲ. ವಿದ್ಯೆ ವಿದ್ಯೆ ಎಂದು ಹೇಳುತ್ತಿದ್ದ ಜನಕ್ಕೆ ಅಂದು ವಿದ್ಯೆಯೇ ಸಿಕ್ಕಿತ್ತು. ಸಿಕ್ಕಿದ್ದಕ್ಕೆ ಅವರು ಗೇಲಿ ಮಾಡಿ ಕೂಗಿದರು. ಪ್ಯಾಕ್ವಿಯಾವೊ ಭುಜದ ಗಾಯವನ್ನು ಮುಚ್ಚಿಟ್ಟು ಆಡಿದ್ದು ಆಮೇಲೆ ಗೊತ್ತಾದಾಗ, ನಮಗೆ ಮೋಸವಾಯಿತು, ದುಡ್ಡು ವಾಪಸ್ ಕೊಡಿ ಎಂದು ಅಭಿಮಾನಿಗಳು ಕೋರ್ಟಿಗೂ ಹೋದರು. 2019ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅವರ ವಾದವನ್ನು ಒಪ್ಪಲಿಲ್ಲ. ಬಾಕ್ಸಿಂಗ್ ಪ್ರೇಕ್ಷಕರು ತಮ್ಮ ಹಕ್ಕಿಗಾಗಿ ಹೀಗೆ ದಂಡುಕಟ್ಟಿ ಕೋರ್ಟಿಗೆ ಹೋದ ಉದಾಹರಣೆ ಅಪರೂಪ, ಹೋದದ್ದು ಈ ಕಾರಣಕ್ಕೆ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೊಡೆಯುವುದಕ್ಕೆ ಎಷ್ಟು ಬೆಲೆಯೋ ಹೊಡೆತ ತಪ್ಪಿಸಿಕೊಳ್ಳುವುದಕ್ಕೂ ಅಷ್ಟೇ ಬೆಲೆ ಇರುವ ತನಕ ಅದು ಕ್ರೀಡೆ. ಈ ಗೆರೆ ಎಲ್ಲಿದೆ ಎಂಬುದನ್ನು ಈಚೆಗೆ ಒಂದು ಹೊಸ ತಮಾಷೆಯೇ ತೋರಿಸಿಕೊಟ್ಟಿದೆ. 2022ರಲ್ಲಿ ಅಮೆರಿಕದ ನೆವಾಡಾ ರಾಜ್ಯ ಕಪಾಳಮೋಕ್ಷದ ಸ್ಪರ್ಧೆಗೆ ಪರವಾನಗಿ ಕೊಟ್ಟಿತು. ಒಬ್ಬ ಕೈ ಹಿಂದೆ ಕಟ್ಟಿ ನಿಲ್ಲಬೇಕು, ಇನ್ನೊಬ್ಬ ಬೀಸಿ ಕೆನ್ನೆಗೆ ಬಾರಿಸಬೇಕು. ಹೊಡೆಸಿಕೊಳ್ಳುವವನು ಕದಲಿದರೆ ಫೌಲ್. ಅಂದರೆ ತಪ್ಪಿಸಿಕೊಳ್ಳುವುದೇ ಅಪರಾಧ! ಅದರ ತುಣುಕುಗಳನ್ನು ಮೊಬೈಲ್‌ನಲ್ಲಿ ಕೋಟ್ಯಂತರ ಜನ ನೋಡುತ್ತಾರೆ. ಅದನ್ನೂ ಬಾಕ್ಸಿಂಗನ್ನೂ ಒಂದೇ ಸಾಲಿನಲ್ಲಿಟ್ಟು ಮೆಚ್ಚುವವರ ಬಾಯಲ್ಲಿ ವಿದ್ಯೆಯ ಮಾತು ಬಂದರೆ ನಂಬುವುದು ಕಷ್ಟ.

ಪ್ರೇಕ್ಷಕ ಮೂಲೆಯಲ್ಲಿ ಕುಳಿತು ನೋಡುವವನು, ಅವನ ಇಷ್ಟಾನಿಷ್ಟದಿಂದ ಏನಾಗುತ್ತದೆ ಎಂದು ಕೇಳಬಹುದು. ಬಹಳವೇ ಆಗುತ್ತದೆ. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಎಂಎಂಎ ಪಂದ್ಯ ನಡೆಸುವ ಯುಎಫ್‌ಸಿ ಸಂಸ್ಥೆ ಶುರುವಾದಾಗ ಅದರ ಜಾಹೀರಾತೇ ನಿಯಮಗಳಿಲ್ಲ ಎಂಬುದಾಗಿತ್ತು. ಕಚ್ಚಬಾರದು, ಕಣ್ಣಿಗೆ ಬೆರಳು ಹಾಕಬಾರದು, ಮಿಕ್ಕಿದ್ದು ನಿಮ್ಮಿಷ್ಟ ಎಂಬಂತಿತ್ತು. ತೂಕದ ವಿಭಾಗವೂ ಇರಲಿಲ್ಲ. ಸೆನೆಟರ್ ಜಾನ್ ಮೆಕೇನ್ ಅದನ್ನು ಮನುಷ್ಯರ ಕೋಳಿ ಅಂಕ ಎಂದು ಕರೆದು ರಾಜ್ಯಗಳ ಗವರ್ನರ್‌ಗಳಿಗೆಲ್ಲ ಪತ್ರ ಬರೆದರು. ರಾಜ್ಯಗಳು ಒಂದೊಂದಾಗಿ ಬಾಗಿಲು ಹಾಕಿದವು, ಕೇಬಲ್ ಕಂಪನಿಗಳು ಪ್ರಸಾರ ನಿಲ್ಲಿಸಿದವು, ವರಮಾನ ಬತ್ತಿತು. ಆಮೇಲೆ ತೂಕದ ವಿಭಾಗ, ಗ್ಲೌಸ್, ಸುತ್ತು, ಹತ್ತಾರು ಬಗೆಯ ನಿಷಿದ್ಧ ಪೆಟ್ಟುಗಳ ಪಟ್ಟಿ ಎಲ್ಲ ಬಂದವು; 2001ರ ಹೊತ್ತಿಗೆ ನ್ಯೂಜೆರ್ಸಿಯಲ್ಲಿ ಇಂದಿನ ಏಕರೂಪದ ನಿಯಮಾವಳಿ ರೂಪುಗೊಂಡಿತು. ಯಾರದೋ ಮನಸ್ಸು ಕರಗಿ ಹೀಗಾಗಲಿಲ್ಲ, ನೋಡುವವರ ದುಡ್ಡು ತಲುಪದೇ ಹೋದಾಗ ಆಯಿತು. ನಿಯಮಗಳ ಹಿಂದೆ ಸದಾ ಗಿರಾಕಿ ಇದ್ದಾನೆ. ಬೇಸರದ ಸಂಗತಿಯೆಂದರೆ, ಆ ಸಲ ಒತ್ತಡ ಹಾಕಿದವರು ಈ ಆಟವನ್ನು ದ್ವೇಷಿಸುತ್ತಿದ್ದವರು. ಪ್ರೀತಿಸುತ್ತಿದ್ದವರು ವಿರೋಧಿಗಳನ್ನು ಬೈಯುವುದರಲ್ಲಿ ನಿರತರಾಗಿದ್ದರು.

ಲಂಡನ್‌ನ ಬಾಕ್ಸರ್ ಮೈಕೆಲ್ ವಾಟ್ಸನ್ ಪ್ರಕರಣವನ್ನು ಪ್ರತಿಯೊಬ್ಬ ಬಾಕ್ಸಿಂಗ್ ಅಭಿಮಾನಿಯೂ ತಿಳಿದಿರಬೇಕು. 1991ರ ಸೆಪ್ಟೆಂಬರ್ 21ರ ರಾತ್ರಿ, ವೈಟ್ ಹಾರ್ಟ್ ಲೇನ್ ಫುಟ್‌ಬಾಲ್ ಮೈದಾನದಲ್ಲಿ ಅವರು ಕ್ರಿಸ್ ಯೂಬ್ಯಾಂಕ್ ವಿರುದ್ಧ ಆಡಿದರು. ಹನ್ನೊಂದನೇ ಸುತ್ತಿನ ತನಕ ಅಂಕಗಳಲ್ಲಿ ವಾಟ್ಸನ್ ಮುಂದಿದ್ದರು. ಆ ಸುತ್ತಿನಲ್ಲಿ ವಾಟ್ಸನ್ ಎದುರಾಳಿಯನ್ನು ಕೆಡವಿದರು ಕೂಡ. ಎದ್ದು ಬಂದ ಯೂಬ್ಯಾಂಕ್ ಗಲ್ಲದ ಕೆಳಗಿನಿಂದ ಒಂದು ಗುದ್ದು ಹಾಕಿದರು. ವಾಟ್ಸನ್ ಹಿಂದಕ್ಕೆ ಬಿದ್ದರು, ಕುತ್ತಿಗೆ ರಿಂಗ್‌ನ ಹಗ್ಗಕ್ಕೆ ಬಡಿಯಿತು. ಗಂಟೆ ಹೊಡೆದದ್ದರಿಂದ ಸುತ್ತು ಮುಗಿಯಿತು. ಒಂದು ನಿಮಿಷದ ವಿರಾಮದ ಬಳಿಕ ಅವರನ್ನು ಮತ್ತೆ ಕಳಿಸಲಾಯಿತು. ಕೊನೆಯ ಸುತ್ತು ಶುರುವಾಗಿ ಅರ್ಧ ನಿಮಿಷವೂ ಆಗಿರಲಿಲ್ಲ, ರೆಫರಿ ಪಂದ್ಯ ನಿಲ್ಲಿಸಿದರು. ಸ್ವಲ್ಪ ಹೊತ್ತಿನಲ್ಲಿ ವಾಟ್ಸನ್ ಕುಸಿದರು. ರಿಂಗ್ ಸುತ್ತ ಗದ್ದಲ, ತಳ್ಳಾಟ. ವೈದ್ಯರೊಬ್ಬರು ಅವರನ್ನು ಪರೀಕ್ಷಿಸುವಷ್ಟರಲ್ಲಿ ಏಳು ನಿಮಿಷ ಕಳೆದಿತ್ತು. ಮೊದಲು ಕರೆದೊಯ್ದ ಆಸ್ಪತ್ರೆಯಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಯ ಸೌಲಭ್ಯವಿರಲಿಲ್ಲ, ಅಲ್ಲಿಂದ ಇನ್ನೊಂದಕ್ಕೆ ಸಾಗಿಸಬೇಕಾಯಿತು. ತಲೆಬುರುಡೆಯೊಳಗೆ ರಕ್ತ ಒಸರುತ್ತಿರುವಾಗ ಪ್ರತಿ ನಿಮಿಷಕ್ಕೂ ಮೆದುಳಿನ ಒಂದಷ್ಟು ಭಾಗ ಕೈತಪ್ಪಿ ಹೋಗುತ್ತದೆ. ನಲವತ್ತು ದಿನ ಕೋಮಾ, ಆರು ಶಸ್ತ್ರಚಿಕಿತ್ಸೆ. ಬದುಕಿದರು, ವರ್ಷಗಳ ಕಾಲ ಗಾಲಿಕುರ್ಚಿಯಲ್ಲಿ. 2003ರಲ್ಲಿ ಅವರು ಲಂಡನ್ ಮ್ಯಾರಥಾನ್ ದೂರವನ್ನು ಆರು ದಿನ ನಡೆದು ಮುಗಿಸಿದಾಗ ಯೂಬ್ಯಾಂಕ್ ಜೊತೆಯಲ್ಲಿ ಹೆಜ್ಜೆ ಹಾಕಿದ್ದರು.

ವಾಟ್ಸನ್ ದಾವೆ ಹೂಡಿದ್ದು ಎದುರಾಳಿಯ ಮೇಲಲ್ಲ, ಬ್ರಿಟಿಷ್ ಬಾಕ್ಸಿಂಗ್ ನಿಯಂತ್ರಣ ಮಂಡಳಿಯ ಮೇಲೆ. ಪೆಟ್ಟು ಬಿದ್ದದ್ದಕ್ಕೆ ನನ್ನ ದೂರಿಲ್ಲ, ಬಿದ್ದ ಮೇಲೆ ಮಾಡಬೇಕಾದ್ದನ್ನು ಮಾಡಲಿಲ್ಲ ಎಂಬುದೇ ದೂರು ಎಂಬುದು ಅವರ ವಾದದ ತಿರುಳು. ಉಸಿರಾಟಕ್ಕೆ ನಳಿಕೆ ಹಾಕಬಲ್ಲ ವೈದ್ಯ ರಿಂಗ್ ಪಕ್ಕದಲ್ಲೇ ಇದ್ದಿದ್ದರೆ ಹಾನಿ ಇಷ್ಟಾಗುತ್ತಿರಲಿಲ್ಲ. ನಾವು ನಿಯಮ ಮಾಡುವವರಷ್ಟೇ, ಆಟಗಾರನ ಹೊಣೆ ನಮ್ಮದಲ್ಲ ಎಂದು ಮಂಡಳಿ ವಾದಿಸಿತು. 1999ರಲ್ಲಿ ಹೈಕೋರ್ಟ್, 2000ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ವಾಟ್ಸನ್ ಪರ ತೀರ್ಪಿತ್ತವು. ವಿಮೆ ಮಾಡಿಸಿರದ ಮಂಡಳಿ ಲಂಡನ್‌ನ ಕಚೇರಿಯನ್ನು ಮಾರಿ 4 ಲಕ್ಷ ಪೌಂಡ್‌ಗೆ ರಾಜಿ ಮಾಡಿಕೊಂಡಿತು. ತೀರ್ಪಿಗೂ ಮೊದಲೇ, ದುರಂತದ ಬೆನ್ನಿಗೆ, ಅರಿವಳಿಕೆ ತಜ್ಞರು ರಿಂಗ್ ಪಕ್ಕದಲ್ಲಿರಬೇಕು, ನರಶಸ್ತ್ರಚಿಕಿತ್ಸೆಯ ಆಸ್ಪತ್ರೆಗೆ ಮುಂಚೆಯೇ ತಿಳಿಸಿರಬೇಕು ಎಂಬಂಥ ವ್ಯವಸ್ಥೆಗಳು ಬಂದವು. 1995ರ ಫೆಬ್ರವರಿಯಲ್ಲಿ ಅದೇ ಲಂಡನ್‌ನಲ್ಲಿ ನೈಜೆಲ್ ಬೆನ್ ವಿರುದ್ಧ ಆಡಿ ಕುಸಿದ ಜೆರಾಲ್ಡ್ ಮೆಕ್ಲೆಲನ್ ಜೀವ ಉಳಿದದ್ದು ಈ ವ್ಯವಸ್ಥೆಯಿಂದ. ದೃಷ್ಟಿ ಉಳಿಯಲಿಲ್ಲ, ಕಿವಿಯೂ ಬಹುಮಟ್ಟಿಗೆ ಹೋಯಿತು. ಸುರಕ್ಷತೆಗೆ ಎಲ್ಲಿಯ ತನಕ ಕೈಚಾಚಲು ಸಾಧ್ಯ, ಎಲ್ಲಿಂದಾಚೆ ಸಾಧ್ಯವಿಲ್ಲ ಎರಡನ್ನೂ ಆ ಒಬ್ಬ ಮನುಷ್ಯನ ಮೈ ಹೇಳುತ್ತದೆ. ಸುರಕ್ಷತೆಯ ಹೊಣೆಗಾರಿಕೆಗಾಗಿ ಕೋರ್ಟು ಹತ್ತಿದವರು ಸ್ವತಃ ಗಾಯಗೊಂಡ ವಾಟ್ಸನ್. ಪ್ರೇಕ್ಷಕರು ಹತ್ತಿದ್ದು ಮೇವೆದರ್ ಪಂದ್ಯದ ದುಡ್ಡು ವಾಪಸ್ ಬೇಕೆಂದು.

ಆಡುವವರು ಎಲ್ಲ ಗೊತ್ತಿದ್ದೇ ಬರುತ್ತಾರೆ, ಸಹಿ ಹಾಕಿಯೇ ಇಳಿಯುತ್ತಾರೆ, ನಡುವೆ ನಮ್ಮದೇನು ಎಂಬ ಮಾತಿದೆ. ಸಹಿ ಹಾಕುವಾಗ ಇದ್ದ ಮನುಷ್ಯ ಹತ್ತನೇ ಸುತ್ತಿನಲ್ಲಿ ಇರುವುದಿಲ್ಲ ಎಂಬುದು ಇದಕ್ಕೆ ಉತ್ತರ. 2019ರ ಜುಲೈ 19ರಂದು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ರಷ್ಯಾದ ಮ್ಯಾಕ್ಸಿಮ್ ದಾದಾಶೆವ್ ಹನ್ನೊಂದನೇ ಸುತ್ತು ಮುಗಿಸಿ ಸ್ಟೂಲಿನ ಮೇಲೆ ಕುಳಿತರು. ಕೋಚ್ ಬಡ್ಡಿ ಮೆಕ್‌ಗರ್ಟ್, ಸ್ವತಃ ಮಾಜಿ ವಿಶ್ವ ಚಾಂಪಿಯನ್, ಅವರ ಮುಖಕ್ಕೆ ಮುಖ ತಂದು ನಿಲ್ಲಿಸುತ್ತೇನೆ ಎಂದರು. ದಾದಾಶೆವ್ ತಲೆಯಾಡಿಸಿದರು, ಬೇಡ. ಮತ್ತೆ ಕೇಳಿದರು, ಹೆಚ್ಚುಕಡಿಮೆ ಬೇಡಿಕೊಂಡರು. ಮತ್ತೂ ಅದೇ ತಲೆಯಾಡಿಸುವಿಕೆ. ಕೋಚ್ ಅವರ ಮಾತು ಕೇಳದೆ ರೆಫರಿಗೆ ಕೈಸನ್ನೆ ಮಾಡಿ ಪಂದ್ಯ ಮುಗಿಸಿದರು. ಅಷ್ಟರಲ್ಲಿ ತಡವಾಗಿತ್ತು, ನಾಲ್ಕು ದಿನಗಳ ನಂತರ, 28ನೇ ವಯಸ್ಸಿಗೆ, ದಾದಾಶೆವ್ ತೀರಿಕೊಂಡರು. ಹಾನಿಗೊಂಡ ಮೆದುಳು ತಾನು ಹಾನಿಗೊಂಡಿಲ್ಲ ಎಂದು ಹೇಳುತ್ತಿತ್ತು. ಅಂಥ ಹೊತ್ತಿನ ಒಪ್ಪಿಗೆಗೆ ಏನು ಬೆಲೆ? 1975ರ ಅಕ್ಟೋಬರ್ 1ರಂದು ಫಿಲಿಪ್ಪೀನ್ಸ್‌ನಲ್ಲಿ ಮುಹಮ್ಮದ್ ಅಲಿ ಎದುರು ಹದಿನಾಲ್ಕು ಸುತ್ತು ಆಡಿ ಕುಳಿತ ಜೋ ಫ್ರೇಜಿಯರ್ ಕೂಡ ಹೀಗೆಯೇ ಹಟ ಹಿಡಿದರು. ಎಡಗಣ್ಣು ಮೊದಲಿನಿಂದಲೂ ಮಂದ, ಬಲಗಣ್ಣು ಬಾತು ಮುಚ್ಚಿಹೋಗಿತ್ತು. ಉಳಿದಿದ್ದು ಒಂದೇ ಸುತ್ತು. ಕೋಚ್ ಎಡ್ಡಿ ಫಚ್ ಎದ್ದೇಳಲು ಬಿಡಲಿಲ್ಲ. ಆ ರಾತ್ರಿಯ ಬಗ್ಗೆ ಬರೆದವರೆಲ್ಲ ಅಲಿಯ ಧೈರ್ಯ, ಫ್ರೇಜಿಯರ್ ಧೈರ್ಯ ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅಂದು ಎಲ್ಲರಿಗಿಂತ ಕಷ್ಟದ ಕೆಲಸ ಮಾಡಿದವರು ಫಚ್. ಫ್ರೇಜಿಯರ್ ಆಮೇಲೆ 36 ವರ್ಷ ಬಾಳಿದರು.

ಅಲಿಯ ಅದೃಷ್ಟ ಹಾಗಿರಲಿಲ್ಲ. ಅವರಿಗೆ ಕೆಡುಕು ಮಾಡಿದ್ದರಲ್ಲಿ ಪ್ರೀತಿಯದೂ ಒಂದು ಪಾಲಿತ್ತು. 1977ರಲ್ಲೇ ಅವರ ವೈದ್ಯ ಫರ್ಡಿ ಪಚೆಕೊ ಇನ್ನು ಸಾಕು ಎಂದು ಎಚ್ಚರಿಸಿ, ಯಾರೂ ಕೇಳದಿದ್ದಾಗ ತಂಡವನ್ನೇ ಬಿಟ್ಟರು. ಆದರೆ ಜಗತ್ತಿಗೆ ಅಲಿ ಇನ್ನೊಮ್ಮೆ ಬೇಕಿತ್ತು. 1980ರ ಅಕ್ಟೋಬರ್‌ನಲ್ಲಿ, 38ನೇ ವಯಸ್ಸಿನಲ್ಲಿ, ಲ್ಯಾರಿ ಹೋಮ್ಸ್ ಕೈಯಲ್ಲಿ ಹತ್ತು ಸುತ್ತು ಸುಮ್ಮನೆ ಹೊಡೆಸಿಕೊಂಡರು. ಕೋಚ್ ಏಂಜೆಲೊ ಡಂಡಿ ಪಂದ್ಯ ನಿಲ್ಲಿಸಬೇಕಾಯಿತು. ಮರುವರ್ಷ ಬಹಾಮಾಸ್‌ನಲ್ಲಿ ಮತ್ತೊಂದು ಪಂದ್ಯ. 1984ರಲ್ಲಿ ಪಾರ್ಕಿನ್ಸನ್ ಪತ್ತೆಯಾಯಿತು. ಅದರಲ್ಲಿ ಗುದ್ದುಗಳ ಪಾಲೆಷ್ಟು ಎಂಬ ಬಗ್ಗೆ ವೈದ್ಯರಲ್ಲಿ ವಾದವಿದೆ. ಆ ಕೊನೆಯ ಪಂದ್ಯಗಳು ನಡೆಯಬೇಕಿತ್ತೇ ಎಂಬುದರಲ್ಲಿ ವಾದವೇನೂ ಇಲ್ಲ. ಟಿಕೆಟ್ ಕೊಳ್ಳುವವರು ಇಲ್ಲದಿದ್ದರೆ ಅವು ನಡೆಯುತ್ತಲೂ ಇರಲಿಲ್ಲ.

ಇನ್ನು ಅಭಿಮಾನಿಗಳ ಅತ್ಯಂತ ಗಟ್ಟಿಯಾದ ಆಕ್ಷೇಪಕ್ಕೆ ಬರೋಣ. ಪ್ರತಿ ಬಾರಿ ಬೇಗ ನಿಲ್ಲಿಸುತ್ತಾ ಹೋದರೆ ಬಿದ್ದವನು ಎದ್ದು ಗೆಲ್ಲುವ ಸೊಗಸೇ ಹೋಗುತ್ತದೆಯಲ್ಲ ಎನ್ನುತ್ತಾರೆ. ಇದಕ್ಕೆ ಅವರು ಕೊಡುವ ಸಾಕ್ಷಿ 2005ರ ಮೇ 7ರ ಡಿಯೆಗೊ ಕೊರಾಲೆಸ್–ಹೋಸೆ ಲೂಯಿಸ್ ಕ್ಯಾಸ್ಟಿಲೊ ಪಂದ್ಯ. ಹತ್ತನೇ ಸುತ್ತಿನಲ್ಲಿ ಕೊರಾಲೆಸ್ ಎರಡು ಸಲ ನೆಲ ಕಂಡರು. ಉಸಿರು ಸುಧಾರಿಸಿಕೊಳ್ಳಲು ಬಾಯಿಯ ಗಾರ್ಡ್ ಉಗುಳಿದರು, ಅದಕ್ಕೊಂದು ಅಂಕ ಕಡಿತವಾಯಿತು. ಎಲ್ಲ ಮುಗಿಯಿತು ಅನ್ನುವಾಗ ಅದೇ ಸುತ್ತಿನಲ್ಲಿ ತಿರುಗಿ ಬಿದ್ದು ಗೆದ್ದರು. ರೆಫರಿ ಟೋನಿ ವೀಕ್ಸ್ ಎರಡನೇ ಸಲ ಬಿದ್ದಾಗ ಕೈ ಬೀಸಿದ್ದರೆ ಬಾಕ್ಸಿಂಗ್ ಕಂಡ ಮಹಾ ಸುತ್ತುಗಳಲ್ಲೊಂದು ನಮಗೆ ಸಿಗುತ್ತಿರಲಿಲ್ಲ. ಒಪ್ಪೋಣ. ಆದರೆ ಆ ಸುತ್ತು ಮುಗಿದದ್ದು ಹೇಗೆ? ಹಗ್ಗಕ್ಕೆ ಒರಗಿ, ನಿಂತೇ ಇದ್ದು, ಕೈ ಎತ್ತಲಾಗದೆ ಪೆಟ್ಟು ತಿನ್ನುತ್ತಿದ್ದ ಕ್ಯಾಸ್ಟಿಲೊ ಬೀಳುವ ತನಕ ಕಾಯದೆ ವೀಕ್ಸ್ ಅಡ್ಡ ಬಂದರು. ತಮ್ಮನ್ನು ಕಾಪಾಡಿಕೊಳ್ಳುತ್ತಿದ್ದ ಕೊರಾಲೆಸ್‌ಗೆ ಅವಕಾಶ ಕೊಟ್ಟ ರೆಫರಿಯೇ ಕಾಪಾಡಿಕೊಳ್ಳಲಾಗದ ಕ್ಯಾಸ್ಟಿಲೊನನ್ನು ಬಿಡಿಸಿದರು. ಅಭಿಮಾನಿಗಳು ಕೊಂಡಾಡುವ ಸುತ್ತಿನಲ್ಲೇ ಅರ್ಧ ಯಶಸ್ಸು ನಿಲ್ಲಿಸಿದ ಆ ಕೈಯದ್ದು. ಅದೂ ಅಲ್ಲದೆ, ಎದ್ದು ನಿಂತವರ ಕಥೆಯೇ ಹೆಚ್ಚಾಗಿ ಸಿನಿಮಾ ಆಗುತ್ತದೆ. 'ರಾಕಿ'ಯಿಂದ ಹಿಡಿದು ನಮ್ಮ 'ಪೈಲ್ವಾನ್' ತನಕ ತೆರೆಯ ಮೇಲಿನ ನಾಯಕ ತಿಂದಷ್ಟೂ ಪೆಟ್ಟನ್ನು ಅರಗಿಸಿಕೊಳ್ಳುತ್ತಾನೆ. ಏಳದೇ ಹೋದವರು ಯಾವ ಪೋಸ್ಟರಿನಲ್ಲೂ ಇರುವುದಿಲ್ಲವಾದ್ದರಿಂದ ನಮ್ಮ ಲೆಕ್ಕ ಶುರುವಿನಿಂದಲೇ ತಪ್ಪು.

ನಿಷೇಧಿಸಿಬಿಡಿ ಎನ್ನುವವರ ವಾದ ಇದಕ್ಕಿಂತ ನೇರ. ಗುದ್ದು ತಿಂದು ತಿಂದು ಮಂಕಾಗುವ ಬಾಕ್ಸರ್‌ಗಳ ಬಗ್ಗೆ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ವೈದ್ಯ ಬರೆದದ್ದು 1928ರಲ್ಲಿ. 1983ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯ ಸಂಪಾದಕ ಜಾರ್ಜ್ ಲುಂಡ್‌ಬರ್ಗ್ ಬಾಕ್ಸಿಂಗ್ ನಿಷೇಧಿಸಬೇಕೆಂದು ಸಂಪಾದಕೀಯವನ್ನೇ ಬರೆದರು. ಬೇರೆ ಆಟಗಳಲ್ಲೂ ಜನ ಸಾಯುತ್ತಾರೆ, ಪರ್ವತ ಹತ್ತುವವರು, ಕಾರು ಓಡಿಸುವವರು ಸಾಯುವುದಿಲ್ಲವೇ ಎಂದು ಅಭಿಮಾನಿಗಳು ಎದುರು ಹೇಳುವುದುಂಟು. ಈ ಸಮರ್ಥನೆ ನನಗೆ ರುಚಿಸುವುದಿಲ್ಲ. ಅಲ್ಲಿ ಗಾಯ ಆಕಸ್ಮಿಕ, ಇಲ್ಲಿ ನಾಕೌಟ್ ಎಂದರೆ ಎದುರಾಳಿಯ ಮೆದುಳನ್ನು ಒಂದು ಕ್ಷಣ ಸ್ಥಗಿತಗೊಳಿಸುವುದೇ. ಗೆಲುವೇ ಗಾಯ. ಈ ವ್ಯತ್ಯಾಸವನ್ನು ಒಪ್ಪಿಕೊಂಡೇ ಮುಂದೆ ಮಾತಾಡಬೇಕು. ಆದರೂ ನಿಷೇಧದ ಅನುಭವ ಏನು ಹೇಳುತ್ತದೆ? ಸ್ವೀಡನ್ 1970ರಲ್ಲಿ ವೃತ್ತಿಪರ ಬಾಕ್ಸಿಂಗ್ ನಿಷೇಧಿಸಿ, ಮೂರೂವರೆ ದಶಕದ ನಂತರ ಷರತ್ತುಗಳೊಂದಿಗೆ ಬಾಗಿಲು ತೆರೆಯಿತು. ನಾರ್ವೆ 1981ರಲ್ಲಿ ಹಾಕಿದ ನಿಷೇಧವನ್ನು 2014ರಲ್ಲಿ ತೆಗೆಯಿತು. ಅಷ್ಟು ವರ್ಷವೂ ಅಲ್ಲಿಯ ಬಾಕ್ಸರ್‌ಗಳು ಗಡಿ ದಾಟಿ ಹೋಗಿ ಆಡುತ್ತಿದ್ದರು. ಕಾನೂನು ಕಣ್ಣು ಮುಚ್ಚಿಕೊಂಡಿತು, ಗುದ್ದು ನಿಲ್ಲಲಿಲ್ಲ. ಕತ್ತಲಲ್ಲಿ ನಡೆಯುವ ಪಂದ್ಯಕ್ಕೆ ಅರಿವಳಿಕೆ ತಜ್ಞ ಬರುವುದಿಲ್ಲ. ಬೆಳಕಿನಲ್ಲಿ ನಡೆಸಿ, ನಿಲ್ಲಿಸುವ ಅಧಿಕಾರವನ್ನು ಗಟ್ಟಿ ಮಾಡುವುದೇ ವಾಸಿ ಎನ್ನುವುದು ನನ್ನ ಅಭಿಪ್ರಾಯ.

ನಿಲ್ಲಿಸುವುದು ಪಾಶ್ಚಾತ್ಯರ ನಾಜೂಕು ಎಂದು ಮೂಗು ಮುರಿಯುವವರು ನಮ್ಮಲ್ಲೂ ಇದ್ದಾರೆ. ಅವರು ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ಸರಿಯಾಗಿ ನೋಡಲಿ. ತಲೆ ಬೋಳಿಸಿಕೊಂಡ ಜಟ್ಟಿಗಳು, ಬೆರಳಿಗೆ ಚೂಪು ಮೊನೆಯ ಆಯುಧ, ನೋಡಿದರೆ ಎದೆ ನಡುಗುವಂಥ ಕಾಳಗ. ಆದರೆ ಒಬ್ಬನ ತಲೆಯಲ್ಲಿ ಒಂದು ಹನಿ ರಕ್ತ ಚಿಮ್ಮಿದ ತಕ್ಷಣ ಕಾಳಗ ನಿಂತಿತು, ಮುಂದಿಲ್ಲ. ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ದುಡ್ಡು ವಾಪಸ್ ಕೊಡಿ ಎಂದು ಯಾರೂ ಕೂಗುವುದಿಲ್ಲ. ಹಾಗೆಯೇ ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವ ಪದ್ಧತಿಯಿದೆ. ಗರಡಿಯ ಹಿರಿಯರು, ಉಸ್ತಾದರು ಕುಳಿತು ಇಬ್ಬರು ಪೈಲ್ವಾನರ ತೂಕ, ವಯಸ್ಸು, ಪಳಗಿದ ಮಟ್ಟ ನೋಡಿ ಕೈ ಕೈ ಹಿಡಿಸಿ ಸರಿಸಮ ಜೋಡಿ ಮಾಡುತ್ತಾರೆ. ಅಖಾಡಕ್ಕೆ ಇಳಿಯುವ ಮೊದಲೇ ಅರ್ಧ ಅಪಾಯ ಅಲ್ಲಿ ಕಳೆದಿರುತ್ತದೆ. ದೊಡ್ಡ ಪಂದ್ಯಗಳಲ್ಲಿ ಹೆಸರಾಂತ ಆಟಗಾರನ ಗೆಲುವಿನ ಪಟ್ಟಿ ಉದ್ದ ಮಾಡಲು ಯಾವನೋ ಬಡಪಾಯಿಯನ್ನು ಎದುರಿಗೆ ನಿಲ್ಲಿಸುವುದಕ್ಕೂ ಇದಕ್ಕೂ ಎಷ್ಟು ಅಂತರ!

ಇಳಿಯುವ ಮೊದಲಿನ ಅಪಾಯದ ಮಾತು ಬಂದಿದ್ದರಿಂದ ತೂಕದ ವಿಷಯವನ್ನೂ ಹೇಳಬೇಕು. 2015ರ ಡಿಸೆಂಬರ್‌ನಲ್ಲಿ ಮನಿಲಾದಲ್ಲಿ ಚೀನಾದ ಯುವ ಎಂಎಂಎ ಆಟಗಾರ ಯಾಂಗ್ ಜಿಯಾನ್‌ಬಿಂಗ್ ಒಂದೂ ಗುದ್ದು ತಿನ್ನದೆ ಸತ್ತರು. ತೂಕ ಇಳಿಸಲು ಮೈಯ ನೀರನ್ನೆಲ್ಲ ಬಸಿದುಕೊಂಡಿದ್ದರು. ಆ ಬಳಿಕ ಪಂದ್ಯ ನಡೆಸುತ್ತಿದ್ದ ಸಂಸ್ಥೆ ದೇಹದ ನೀರಿನ ಪ್ರಮಾಣವನ್ನು ಪರೀಕ್ಷಿಸುವ ನಿಯಮ ತಂದಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ ತೂಕ 100 ಗ್ರಾಂ ಹೆಚ್ಚಾಗಿ ಫೈನಲ್ ಕಳೆದುಕೊಂಡಾಗ ದೇಶವೇ ಆ ಗ್ರಾಂಗಳ ಬಗ್ಗೆ ಕೂಗಾಡಿತು. ಹಿಂದಿನ ರಾತ್ರಿಯಿಡೀ ಒಬ್ಬ ಹೆಣ್ಣುಮಗಳು ಅನ್ನ ನೀರು ಬಿಟ್ಟು, ಬೆವರಿಳಿಸಿ, ಕೂದಲು ಕತ್ತರಿಸಿಕೊಂಡು ಪಟ್ಟ ಪಾಡು ಈ ಆಟಗಳಲ್ಲಿ ಮಾಮೂಲು ಎಂಬ ವಿಷಯ ಪದಕದ ದುಃಖದಲ್ಲಿ ಮುಳುಗಿಹೋಯಿತು.

2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಮೈಸೂರಿನ 23 ವರ್ಷದ ಯುವಕ ಪೆಟ್ಟು ತಿಂದು ಕುಸಿದು, ಎರಡು ಮೂರು ದಿನಗಳಲ್ಲಿ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ. ಸ್ಥಳದಲ್ಲಿ ತಕ್ಕ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಎಂಬುದು ಕುಟುಂಬದ ದೂರು. ನಿರ್ಲಕ್ಷ್ಯದ ಆರೋಪದ ಮೇಲೆ ಪೊಲೀಸರು ಸಂಘಟಕರ ವಿರುದ್ಧ ಪ್ರಕರಣ ದಾಖಲಿಸಿದರು. ಆ ಪೆಟ್ಟಿನ ವಿಡಿಯೊವನ್ನು ಮೊಬೈಲಿನಿಂದ ಮೊಬೈಲಿಗೆ ರಾಜ್ಯವೆಲ್ಲ ನೋಡಿತು. ಲಂಡನ್‌ನಲ್ಲಿ ವಾಟ್ಸನ್ ಬಿದ್ದು ಸುಮಾರು 31 ವರ್ಷ ಕಳೆದ ಮೇಲೂ ಪ್ರಶ್ನೆ ಅದೇ: ರಿಂಗ್ ಪಕ್ಕದಲ್ಲಿ ಯಾರಿದ್ದರು? ನಮ್ಮಲ್ಲಿ ಕರಾಟೆ, ಕಿಕ್‌ಬಾಕ್ಸಿಂಗ್‌ಗಳಿಗೆ ಒಂದಕ್ಕೆ ಹತ್ತು ಸಂಘಗಳಿವೆ. ಪಂದ್ಯದ ಫ್ಲೆಕ್ಸ್ ನೋಡಿ: ಉದ್ಘಾಟಕರು, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಬಹುಮಾನದ ಮೊತ್ತ, ಪ್ರಾಯೋಜಕರ ಸಾಲು ಸಾಲು ಫೋಟೊ. ಪಂದ್ಯ ನಿಲ್ಲಿಸುವ ಅಧಿಕಾರವಿರುವ ವೈದ್ಯರ ಹೆಸರಿಗೆ, ಹತ್ತಿರದ ನರಶಸ್ತ್ರಚಿಕಿತ್ಸೆಯ ಆಸ್ಪತ್ರೆಗೆ ಅದರಲ್ಲಿ ಜಾಗವಿರುವುದಿಲ್ಲ. ಟಿಕೆಟ್ ಕೊಳ್ಳುವವರು, ಮಗನನ್ನೋ ಮಗಳನ್ನೋ ಕ್ಲಾಸಿಗೆ ಸೇರಿಸುವವರು ಸಂಘಟಕರನ್ನು ಕೇಳಬೇಕಾದ್ದು ಇದನ್ನೇ: ಆಂಬುಲೆನ್ಸ್ ಬಾಗಿಲಲ್ಲಿದೆಯೇ, ವೈದ್ಯರು ಯಾರು, ಎಷ್ಟು ತೂಕದವನ ಎದುರು ಎಷ್ಟು ತೂಕದವನು, ಹಿಂದಿನ ನಾಕೌಟ್ ಆಗಿ ಎಷ್ಟು ದಿನವಾಯಿತು, ಮಗುವಿಗೆ ಸಾಕೆನಿಸಿದರೆ ಯಾರಿಗೆ ಹೇಳಬೇಕು. ಅಲ್ಲಿ ಉತ್ತರ ಸಿಗದಿದ್ದರೆ ಆ ಸಂಜೆ ಟೀವಿಯಲ್ಲಿ ಹಳೆಯ ಮೇವೆದರ್ ಪಂದ್ಯ ಹಾಕಿಕೊಂಡು, ಈ ಸಲ ಆ ಎಡಭುಜವನ್ನು ಮಾತ್ರ ಗಮನಿಸಿ ನೋಡಬಹುದು.